ಎಣ್ಣೆ ಕಾರ್ಖಾನೆಯ ಮಹಜರು

ಡಾಕ್ಟರೇಟ್ ಬಂದ ಮೇಲೆ ಜನ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಮುಂದೇನು?" ಹೊಸದರಲ್ಲಿ ಅದು ಅಭಿನಂದನೆಯಂತೆ ಕೇಳಿಸುತ್ತಿತ್ತು. ಬರುಬರುತ್ತಾ ಕಾಯಿಲೆ ವಿಚಾರಿಸುವ ಧ್ವನಿಯಲ್ಲಿ ಕೇಳತೊಡಗಿದರು. ಮೈಸೂರಿನ ಜಯಲಕ್ಷ್ಮಿಪುರಂನ ನಮ್ಮ ಬಾಡಿಗೆ ಮನೆಯ ಓನರ್ ಆಂಟಿಯಂತೂ ಗೇಟಿನ ಹತ್ತಿರ ಸಿಕ್ಕಾಗಲೆಲ್ಲ, "ಇನ್ನೂ ಏನೂ ಆಗ್ಲಿಲ್ವೇನಮ್ಮ?" ಎನ್ನುತ್ತಿದ್ದರು. ಮದುವೆಯ ವಿಷಯವೋ ಕೆಲಸದ ವಿಷಯವೋ ಎಂದು ನಾನು ಕೇಳಲು ಹೋಗಲಿಲ್ಲ. ಎರಡಕ್ಕೂ ಉತ್ತರ ಒಂದೇ ಆಗಿತ್ತು.

ನಾನು ಸಂಶೋಧನೆ ಮಾಡಿದ್ದು ಹಳೆಯ ಮೈಸೂರು ಸೀಮೆಯ ಗಡಿ ತಕರಾರುಗಳ ಮೇಲೆ. ಎರಡು ಊರಿನವರು ಒಂದು ಹಳ್ಳಕ್ಕೋ ಹುಣಸೆಮರಕ್ಕೋ ಕಿತ್ತಾಡಿಕೊಂಡರೆ ಸರ್ಕಾರದ ಅಧಿಕಾರಿ ಸ್ಥಳಕ್ಕೇ ಬರುತ್ತಿದ್ದ. ಊರ ಹಿರಿಯರನ್ನು ಆ ಜಾಗದಲ್ಲೇ ನಿಲ್ಲಿಸಿ, ಒಬ್ಬೊಬ್ಬರ ಮಾತು ಕೇಳಿ ಮಹಜರು ಬರೆಸುತ್ತಿದ್ದ. ಸತ್ತು ಎಷ್ಟೋ ಕಾಲವಾದ ಆ ಸಾಕ್ಷಿಗಳ ನಡುವೆ ನನ್ನ ವಯಸ್ಸಿನ ಒಳ್ಳೆಯ ಭಾಗ ಕಳೆಯಿತು. ಬೇಸರದಿಂದ ಹೇಳುತ್ತಿಲ್ಲ, ಅಷ್ಟು ರುಚಿಯಾದ ಕೆಲಸ ಇನ್ನೊಂದಿಲ್ಲ. ಸುಳ್ಳು ಹೇಳುವ ಮುದುಕನ ಮಾತು ನೀಟಾಗಿರುತ್ತದೆ. ನಿಜ ಹೇಳುವವನು ಯಾರೂ ಕೇಳದ ವಿವರಕ್ಕೆ ಹೋಗುತ್ತಾನೆ, ಅವತ್ತು ತನ್ನ ಎತ್ತಿಗೆ ಹುಷಾರಿರಲಿಲ್ಲ ಎಂದೆಲ್ಲ ಹೇಳಿಬಿಡುತ್ತಾನೆ. ಅಲ್ಲಿ ಕಲಿತ ಪಾಠಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು: ನಾಲ್ಕು ಸಾಕ್ಷಿಗಳು ಒಂದೇ ಮಾತನ್ನು ಅವೇ ಪದಗಳಲ್ಲಿ ಹೇಳಿದರೆ, ಅಲ್ಲಿರುವುದು ನಾಲ್ಕು ಸಾಕ್ಷಿಯಲ್ಲ, ಒಂದೇ ಸಾಕ್ಷಿ.

ಈ ವಿದ್ಯೆಗೆ ಊರಿನಲ್ಲಿ ಕೆಲಸ ಎಲ್ಲಿದೆ? ಒಂದಷ್ಟು ಕಾಲ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂದರೆ ದೇವರು ಎಂದು ಹೇಳಿದ ಪುಣ್ಯಾತ್ಮರು ಯಾವ ಕಾಲೇಜಿನ ಕಡೆಗೂ ಬಂದಿರಲಿಕ್ಕಿಲ್ಲ. ರಜೆ ಶುರುವಾಯಿತೆಂದರೆ ಅತಿಥಿ ಹೊರಗೆ, ಕಾಲೇಜು ತೆರೆದ ಮೇಲೆ ಮತ್ತೆ ಅರ್ಜಿ. ಅಂಥದೊಂದು ರಜೆಯಲ್ಲಿ ಹೆಬ್ಬಾಳದ ಕಾರ್ಖಾನೆಯೊಂದರ ಜಾಹೀರಾತು ಕಣ್ಣಿಗೆ ಬಿತ್ತು. ತಲೆಗೆ ಹಚ್ಚುವ ಎಣ್ಣೆಯನ್ನು ಬಾಟಲಿಗೆ ತುಂಬಿಸಿ ಕಳಿಸುವ ಕಾರ್ಖಾನೆ ಅದು. ಅಲ್ಲಿ ಸಣ್ಣಪುಟ್ಟ ಅಪಘಾತವಾದಾಗ ಕೆಲಸಗಾರರನ್ನು ವಿಚಾರಿಸಿ ವರದಿ ಬರೆಯುವವರು ಬೇಕಾಗಿದ್ದರು.

"ಎಣ್ಣೆ ಬಾಟ್ಲಿಗೆ ಡಾಕ್ಟ್ರು ಯಾಕವ್ವ?" ಎಂದಳು ನನ್ನ ಅವ್ವ. ನನಗೆ ಕುತೂಹಲವಿತ್ತು, ಹೋದೆ.

ಸಂದರ್ಶನದಲ್ಲಿ ಕಾರ್ಖಾನೆಯ ಮ್ಯಾನೇಜರ್ ನನ್ನ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಿಸ್ಟರಿ ಓದಿದೋರಿಗೆ ಇಲ್ಲೇನ್ರೀ ಕೆಲಸ?"

"ಏನಾಯ್ತು ಅಂತ ಕೇಳೋದು ಸರ್. ಇಷ್ಟು ದಿನ ಅದನ್ನೇ ಮಾಡ್ಕೊಂಡು ಬಂದಿದೀನಿ."

ಅವರು ನಕ್ಕರು. "ಇಲ್ಲಿ ಎಲ್ರೂ ಯಾರು ಮಾಡಿದ್ದು ಅಂತ ಕೇಳ್ತಾರೆ. ನೋಡೋಣ, ಬನ್ನಿ."

ಹಾಗೆ ನಾನು ಶಿಫ್ಟಿನ ಹೆಂಗಸರ ಜೊತೆ ಹೆಬ್ಬಾಳದ ಬಸ್ಸು ಹತ್ತತೊಡಗಿದೆ. ಕಾರ್ಖಾನೆ ನನಗೆ ಹೊಸ ದೇಶವಾಗಿತ್ತು. ಊಟದ ಹೊತ್ತಿನಲ್ಲಿ ಯಾರು ಯಾರ ಡಬ್ಬಿಗೆ ಕೈ ಹಾಕಬಹುದು, ಯಾವ ಮಷಿನ್ ಯಾರ ಮಾತು ಕೇಳುತ್ತದೆ, ಸೂಪರ್‌ವೈಸರ್ ಬರುವುದು ಕಾಣುವ ಮೊದಲೇ ಹೇಗೆ ಗೊತ್ತಾಗುತ್ತದೆ, ಎಲ್ಲವನ್ನೂ ಕೇಳುತ್ತಿದ್ದೆ. ಸತ್ತವರನ್ನು ಓದಿ ಬಂದವಳಿಗೆ ಮರುಪ್ರಶ್ನೆಗೆ ಉತ್ತರ ಕೊಡುವ ಜನ ಸಿಕ್ಕಿದ್ದು ಹಬ್ಬದೂಟದಂತೆ ಇತ್ತು. "ಈ ಮೇಡಂ ಪೋಲೀಸ್ನೋರಿಗಿಂತ ಜಾಸ್ತಿ ಕೇಳ್ತಾರೆ ಕಣ್ರೀ, ಆದ್ರೆ ಹೊಡೆಯಲ್ಲ," ಎಂದು ಯಾರೋ ಹೇಳಿದ್ದು ಕಾರ್ಖಾನೆಯೆಲ್ಲ ಹಬ್ಬಿತು. ನನಗೆ ಸಿಕ್ಕ ಪ್ರಶಸ್ತಿಗಳಲ್ಲಿ ಅದನ್ನು ಈಗಲೂ ಮೇಲಿಟ್ಟಿದ್ದೇನೆ.

ಆ ವರ್ಷದ ದಸರಾ ರಜೆ ಮುಗಿದು ಕಾರ್ಖಾನೆ ಶುರುವಾದ ಬೆಳಗ್ಗೆ ಎಣ್ಣೆ ತುಂಬುವ ಮಷಿನ್ನಿನ ಹತ್ತಿರ ಎಣ್ಣೆ ಚೆಲ್ಲಿತು. ಬಾಕ್ಸು ಹೊತ್ತು ಬರುತ್ತಿದ್ದ ಲೋಡಿಂಗ್‌ನವರೊಬ್ಬರು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮಷಿನ್ ನಿಲ್ಲಿಸಿ, ಸುತ್ತ ಕೆಂಪು ಪಟ್ಟಿ ಕಟ್ಟಿ, ಫೋಟೊ ತೆಗೆದರು. ಮಧ್ಯಾಹ್ನ ನನಗೆ ಕರೆ ಬಂತು. ಕಾರಣ ಆಗಲೇ ಸಿದ್ಧವಾಗಿತ್ತು: ಆಪರೇಟರ್ ಗಮನ ಕೊಡಲಿಲ್ಲ. ಅದನ್ನು ಸರಿಯಾದ ಭಾಷೆಯಲ್ಲಿ ಬರೆದುಕೊಡುವುದಷ್ಟೇ ನನ್ನ ಕೆಲಸ ಎನ್ನುವಂತೆ ಸೂಪರ್‌ವೈಸರ್ ಮಾತಾಡಿದರು.

ಆ ಆಪರೇಟರ್ ನಂಜನಗೂಡು ಕಡೆಯ ರೈತರ ಮನೆಯವರು, ನನಗಿಂತ ಹಿರಿಯರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಎಷ್ಟೋ ವರ್ಷ ಕಾಂಟ್ರಾಕ್ಟ್ ಮೇಲೆ ದುಡಿದಿದ್ದರು, ಬರುವ ದೀಪಾವಳಿಗೆ ಖಾಯಂ ಆಗುವವರ ಪೈಕಿ ಅವರೂ ಒಬ್ಬರು. ನನ್ನ ವರದಿಯಲ್ಲಿ 'ಆಪರೇಟರ್ ಅಜಾಗರೂಕತೆ' ಎಂದು ಬಂದರೆ ಖಾಯಂ ಆಗುವುದಿರಲಿ, ಕಾಂಟ್ರಾಕ್ಟೂ ಮುಗಿದಂತೆ.

ನಾನು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಪ್ಯಾಕಿಂಗ್‌ನವರು, "ಅಕ್ಕ ಮಷಿನ್ ಬಿಟ್ಟು ಆ ಕಡೆ ತಿರುಗ್ಕೊಂಡು ಮಾತಾಡ್ತಾ ನಿಂತಿದ್ರು," ಎಂದರು. ಮುಚ್ಚಳ ಹಾಕುವವರೂ, "ಮಷಿನ್ ಬಿಟ್ಟು ಆ ಕಡೆ ತಿರುಗ್ಕೊಂಡು ಮಾತಾಡ್ತಾ ನಿಂತಿದ್ರು," ಎಂದರು. ಗೋಡೌನಿನವರದೂ ಅದೇ ಮಾತು, ಅಕ್ಷರ ಆಚೀಚೆ ಆಗದಂತೆ. ನನಗೆ ಹಳೆಯ ಗೆಳೆಯರು ಬೀದಿಯಲ್ಲಿ ಸಿಕ್ಕಷ್ಟು ಸಂತೋಷವಾಯಿತು. "ಯಾರ ಜೊತೆ ಮಾತಾಡ್ತಿದ್ರು?" ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. "ನೀವೇ ನೋಡಿದ್ರಾ?" ಎಂದರೆ, "ನಾನ್ ನೋಡ್ಲಿಲ್ಲ, ಎಲ್ರೂ ಅಂಗೇ ಅಂತಾವ್ರೆ."

ಎಲ್ಲರೂ ಅನ್ನುವ ಮಾತಿಗೆ ಒಬ್ಬ ಅಪ್ಪ ಇದ್ದೇ ಇರುತ್ತಾನೆ. ಹುಡುಕುತ್ತಾ ಹೋಗಿ ಸೂಪರ್‌ವೈಸರ್ ಬಳಿ ನಿಂತೆ. ಬಿದ್ದವರನ್ನು ಎತ್ತುವ ಗಡಿಬಿಡಿಯಲ್ಲಿ ಅವರು ಆ ವಾಕ್ಯವನ್ನು ಕೂಗಿ ಹೇಳಿದ್ದರು.

"ನೀವು ನೋಡಿದ್ರಾ ಸರ್?"

"ನಾನು ಆಗ ಗೇಟ್ ಹತ್ರ ಇದ್ದೆ. ಇನ್ನೇನಾಗಿರುತ್ತೆ ಮೇಡಂ? ಹೆಂಗಸರು ಸೇರಿದ್ರೆ ಮಾತಲ್ದೆ ಇನ್ನೇನು?"

ಆ ಮನುಷ್ಯನ ಮೇಲೆ ನನಗೆ ಕೋಪ ಬರಬೇಕಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಏನಾಗಿರಬಹುದು ಎಂಬ ಹುಳ ತಲೆಯೊಳಗೆ ಹೊಕ್ಕಿತು.

ಬೇರೆ ಥರ ಮಾತಾಡಿದವರು ಇಬ್ಬರೇ. ಮೊದಲನೆಯವರು ಕೈ ಮುರಿದುಕೊಂಡವರು. ಪ್ಲಾಸ್ಟರ್ ಹಾಕಿಸಿಕೊಂಡು ರಜೆ ಕೇಳಲು ಬಂದಿದ್ದರು. "ಅಕ್ಕ ಬಗ್ಗಿ ಒಂದು ಬಾಟ್ಲಿ ಎತ್ತಿ ನಿಲ್ಲುಸ್ತಿದ್ರು ಮೇಡಂ. ಮಲಗಿದ್ದ ಬಾಟ್ಲಿ. ಅವ್ರ ಟೋಪಿ ಕೆಳಕ್ ಬಿದ್ದಿತ್ತು, ಅದನ್ನ ತುಳೀಬಾರ್ದು ಅಂತ ನಾನು ಪಕ್ಕಕ್ಕೆ ಹೆಜ್ಜೆ ಇಟ್ಟೆ, ಜಾರ್ಬುಟ್ಟೆ." ಯಾರೂ ಕೇಳದ ಆ ಟೋಪಿ ಬಂತಲ್ಲ, ಅಲ್ಲೇ ನನಗೆ ನಂಬಿಕೆ ಹುಟ್ಟಿತು.

ಎರಡನೆಯವರು ಅಕ್ಕ. ಕ್ಯಾಂಟೀನಿನ ಮೂಲೆಯಲ್ಲಿ ಟೀ ಮುಟ್ಟದೆ ಕೂತಿದ್ದರು. "ನಾನು ಮಾತಾಡ್ತಾ ನಿಂತಿರ್ನಿಲ್ಲ ಕಣ್ ಮೇಡಂ. ಆ ತುದೀಲಿ ಒಂದು ಬಾಟ್ಲಿ ಮಲಗ್ಬುಡ್ತು, ಎತ್ತಿ ನಿಲ್ಸಕ್ಕೆ ಹೋದೆ. ತಿರುಗಿ ನೋಡೋಷ್ಟೊತ್ಗೆ ಬಾಟ್ಲಿನೇ ಇಲ್ದಿರೋ ಕಡೆ ಎಣ್ಣೆ ಸುರೀತಾ ಅದೆ. ಎಂಗಾಯ್ತು ಅಂತ ನಂಗೂ ತಿಳೀನಿಲ್ಲ. ಬಟನ್ ಒತ್ತೋದ್ರೊಳ್ಗೆ ಅಣ್ಣ ಬಿದ್ದೋಗಿದ್ರು."

ನನ್ನ ಹುಳಕ್ಕೆ ಈಗ ರೆಕ್ಕೆ ಬಂತು. ಆ ಮಷಿನ್ನಿನಲ್ಲಿ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ. ಪಕ್ಕದಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಸೆನ್ಸರ್ ಇದೆ, ಎಲ್ಲರೂ ಅದನ್ನು ಕಣ್ಣು ಎನ್ನುತ್ತಾರೆ. ಎದುರಿಗೆ ಬಾಟಲಿ ಇರುವುದು ಕಣ್ಣಿಗೆ ತಿಳಿದರೆ ಮಾತ್ರ ಮೇಲಿನ ನಳಿಕೆ ಎಣ್ಣೆ ಬಿಡಬೇಕು. ಬಾಟಲಿ ಉರುಳಿ ಸಾಲಿನಲ್ಲಿ ಜಾಗ ಖಾಲಿಯಾದರೆ ಸುಮ್ಮನಿರಬೇಕು. ಖಾಲಿ ಜಾಗಕ್ಕೆ ಎಣ್ಣೆ ಯಾಕೆ ಬಿತ್ತು?

ಮಾರನೆಯ ದಿನ ಎಲೆಕ್ಟ್ರಿಷಿಯನ್‌ರನ್ನು ಕರೆದುಕೊಂಡು ಮಷಿನ್ ಹತ್ತಿರ ಹೋದೆ. ಕೆಂಪು ಪಟ್ಟಿಯೊಳಗೆ ಎಲ್ಲವೂ ಅಂದು ಇದ್ದ ಹಾಗೇ ಇತ್ತು. ಎಣ್ಣೆಯ ಪೈಪು ಮುಚ್ಚಿಸಿ, ಕರೆಂಟು ಮಾತ್ರ ಕೊಡಿಸಿದೆ.

"ಸೆನ್ಸರ್ ಅವತ್ತೇ ಚೆಕ್ ಮಾಡಿದೀನಿ ಮೇಡಂ. ನೋಡಿ, ಲೈಟ್ ಬರ್ತಾ ಇದೆ."

"ಲೈಟ್ ಯಾವಾಗ ಬರ್ಬೇಕು?"

"ಬಾಟ್ಲಿ ಎದುರಿಗೆ ಬಂದಾಗ."

"ಈಗ ಬಾಟ್ಲಿ ಎಲ್ಲಿದೆ?"

ಅವರು ಖಾಲಿ ಬೆಲ್ಟನ್ನು ನೋಡಿದರು, ಲೈಟನ್ನು ನೋಡಿದರು. ಆಮೇಲೆ ಇಬ್ಬರೂ ಕಣ್ಣನ್ನು ನೋಡಿದೆವು. ಅದರ ಗಾಜಿನ ಮೇಲೆ ಗಂಧ, ಗಂಧದ ಮೇಲೆ ದಪ್ಪಗೆ ಕುಂಕುಮ. ಆಯುಧಪೂಜೆಯದು. ಬಾಳೆಕಂದು ತೆಗೆದಿದ್ದರು, ಹೂವು ಗುಡಿಸಿದ್ದರು, ಕುಂಬಳಕಾಯಿಯ ಚೂರು ಬಳಿದು ಹಾಕಿದ್ದರು. ಕುಂಕುಮ ಒಣಗಿ ಅಲ್ಲೇ ಕೂತಿತ್ತು. ಅದು ಅಡ್ಡ ಇದ್ದುದರಿಂದ ಕಣ್ಣಿನ ಪಾಲಿಗೆ ಯಾವಾಗಲೂ ಎದುರಿಗೆ ಬಾಟಲಿ. ಸಾಲು ತುಂಬಿರುವ ತನಕ ಏನೂ ಗೊತ್ತಾಗಲಿಲ್ಲ, ಒಂದು ಬಾಟಲಿ ಉರುಳಿದ್ದೇ ಗೊತ್ತಾಯಿತು.

"ಇದನ್ನ ನೀವು ಮೊದಲು ನೋಡಿರ್ಲಿಲ್ವಾ?" ಎಂದೆ.

"ನೋಡಿದ್ದೆ. ಪೂಜೆದಲ್ವಾ ಮೇಡಂ."

"ಒರೆಸಿ ನೋಡೋಣ್ವಾ?"

ಅವರು ಒಂದು ಹೆಜ್ಜೆ ಹಿಂದೆ ಸರಿದರು. "ನನ್ ಕೈಲಾಗಲ್ಲ. ಕುಂಕುಮ ಯಾರಾದ್ರೂ ಒರೆಸ್ತಾರಾ? ಅದಾಗಿ ಅದೇ ಹೋಗ್ಬೇಕು."

ನಗು ಬಂತು, ನಗಲಿಲ್ಲ. ಯಾಕೆಂದರೆ ನಾನೂ ಅದನ್ನು ಮೊದಲೇ ನೋಡಿದ್ದೆ. ಅಪಘಾತದ ಫೋಟೊಗಳನ್ನು ತಿರುಗಾ ಮುರುಗಾ ಹಾಕಿದ್ದೆನಲ್ಲ, ಒಂದೊಂದರಲ್ಲೂ ಕೆಂಪಗೆ ಕಾಣುತ್ತಿತ್ತು. ನಮ್ಮದು ಬೌದ್ಧರ ಮನೆ, ಅಪ್ಪನ ಕಾಲದಿಂದ ಗೋಡೆಯ ಮೇಲೆ ಬುದ್ಧನ ಫೋಟೊ ಬಿಟ್ಟರೆ ಬೇರೆ ಪೂಜೆಯಿಲ್ಲ. "ಇನ್ನೊಬ್ಬರ ದ್ಯಾವ್ರ ಸುದ್ದಿಗೆ ಕೈ ಹಾಕ್ಬೇಡ, ಬಾಯೂ ಹಾಕ್ಬೇಡ" ಎಂದು ಅವ್ವ ಚಿಕ್ಕಂದಿನಿಂದ ಹೇಳಿ ಬೆಳೆಸಿದ್ದಳು. ಯಾಕೆ ಹಾಗೆ ಹೇಳುತ್ತಿದ್ದಳು ಎಂದು ದೊಡ್ಡವಳಾದಂತೆ ಅರ್ಥವಾಯಿತು. ಉಳಿದವರು ಭಕ್ತಿಯಿಂದ ದಾಟಿ ಹೋದದ್ದನ್ನು ನಾನು ಆ ಅಭ್ಯಾಸದಿಂದ ದಾಟಿ ಹೋಗಿದ್ದೆ. ಒಂದು ಕಾರ್ಖಾನೆ ತುಂಬ ಜನ ಒಂದೇ ವಸ್ತುವನ್ನು ನೋಡಿ, ಒಬ್ಬರೂ ಅದನ್ನು ಕಂಡಿರಲಿಲ್ಲ ಎಂಬುದು ನನಗೆ ಯಾವ ಗಡಿ ತಕರಾರಿಗಿಂತಲೂ ಸೋಜಿಗವಾಗಿ ತೋರಿತು.

ಅಕ್ಕನಿಗೆ ಹೇಳಲು ಓಡಿದೆ. ಒಳ್ಳೆಯ ಸುದ್ದಿ ತರುವವರ ಉತ್ಸಾಹ ನನ್ನದು. ಅವರು ಪೂರ್ತಿ ಕೇಳಿದರು. ಮುಖ ಬಿಳಿಚಿತು.

"ಅದು ಇಟ್ಟೋಳು ನಾನೇ ಮೇಡಂ. ನನ್ ಮಷಿನ್‌ಗೆ ವರ್ಷಾ ವರ್ಷಾ ನಾನೇ ಪೂಜೆ ಮಾಡೋದು. ಅಂಗಾದ್ರೆ ಅಣ್ಣನ ಕೈ ಮುರಿದದ್ದು ನನ್ ಪೂಜೆಯಿಂದ್ಲಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈ ಹಿಡಿದುಕೊಂಡರು. "ಮಾತಾಡ್ತಾ ನಿಂತಿದ್ಲು ಅಂತ್ಲೇ ಬರ್ಕೊಬುಡಿ. ಕೆಲ್ಸ ಹೋದ್ರೆ ಹೋಗ್ಲಿ, ಇನ್ನೊಂದ್ಕಡೆ ದುಡೀತೀನಿ. ಪೂಜೆಯಿಂದ ಒಬ್ರ ಕೈ ಮುರೀತು ಅಂತ ಮಾತ್ರ ಬರೀಬೇಡಿ. ಆಮೇಲೆ ನಾನು ಯಾವ ದೇವ್ರ ಮುಂದೆ ನಿಂತ್ಕೊಳ್ಳಿ?"

ನನಗೆ ಭಯವಾಯಿತು, ನಿಜವಾಗಿಯೂ ಭಯ. ಪ್ರಬಂಧ ಬರೆಯುವಾಗ ಯಾರ ಸಾಕ್ಷಿ ಸುಳ್ಳು, ಯಾರದು ನಿಜ ಎಂದು ಎಷ್ಟು ಧೈರ್ಯವಾಗಿ ತೀರ್ಪು ಕೊಟ್ಟಿದ್ದೆ! ಅವರೆಲ್ಲ ಮಣ್ಣಾಗಿದ್ದರು, ಯಾರ ಕೆಲಸವೂ ಹೋಗುವಂತಿರಲಿಲ್ಲ. ಇಲ್ಲಿ ನಿಜ ಹುಡುಕಿದ್ದರಿಂದಲೇ ಒಬ್ಬರು ತಾವಾಗಿ ಸುಳ್ಳು ಒಪ್ಪಿಕೊಳ್ಳಲು ಬಂದಿದ್ದರು. ಅಂದು ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ಮೇಲೆ ನನಗೇ ಸಿಟ್ಟು. ವಿಶ್ವವಿದ್ಯಾಲಯದ ಮುಂದೆ ಬಸ್ಸು ಹಾಯುವಾಗ, ಯಾರಾದರೂ ಈಗ ಒಂದು ಒಳ್ಳೆಯ ಹಳೆಯ ಗಡಿ ಜಗಳ ಕೊಟ್ಟರೆ ಇಲ್ಲೇ ಇಳಿದುಬಿಡುತ್ತೇನೆ ಎಂದುಕೊಂಡೆ.

ಬೆಳಗಾಗುವ ಹೊತ್ತಿಗೆ ಒಂದು ಉಪಾಯ ಹೊಳೆದಿತ್ತು. ಹೊಸದೇನಲ್ಲ, ಹಳೆಯ ಅಧಿಕಾರಿಗಳ ಉಪಾಯವೇ. ವಿಚಾರಣೆಯ ಸಭೆ ಮೀಟಿಂಗ್ ರೂಮಿನಲ್ಲಿ ಬೇಡ, ಮಷಿನ್ ಎದುರಿಗೇ ಮಾಡೋಣ, ಹೇಳಿಕೆ ಕೊಟ್ಟವರೆಲ್ಲ ಇರಲಿ ಎಂದು ಮ್ಯಾನೇಜರನ್ನು ಕೇಳಿಕೊಂಡೆ. ಕುರ್ಚಿಯಲ್ಲಿ ಕೂತು ಹೇಳುವ ಮಾತು ಬೇರೆ, ಜಾಗದಲ್ಲಿ ನಿಂತು ಹೇಳುವ ಮಾತು ಬೇರೆ. ಅವರು ವಿಚಿತ್ರವಾಗಿ ನೋಡಿದರೂ ಒಪ್ಪಿದರು.

ಎಲ್ಲರೂ ಮಷಿನ್ ಸುತ್ತ ನಿಂತರು. ಅಕ್ಕ ಎಲ್ಲರಿಗಿಂತ ಹಿಂದೆ. ಖಾಲಿ ಬೆಲ್ಟು, ಉರಿಯುವ ಲೈಟು, ಕುಂಕುಮ, ಮೂರನ್ನೂ ತೋರಿಸಿದೆ. ಮ್ಯಾನೇಜರ್ ಬಗ್ಗಿ ನೋಡಿ ನೆಟ್ಟಗಾದರು.

"ಯಾರು ಇಟ್ಟಿದ್ದು ಇದನ್ನ?"

ನನಗೆ ಗೊತ್ತಿತ್ತು. ಹೇಳಲಿಲ್ಲ. "ಸರ್, ಇಟ್ಟದ್ದರಿಂದ ಏನೂ ಆಗ್ಲಿಲ್ಲ. ಹಬ್ಬದ ದಿನ ಮಷಿನ್ ನಿಂತಿತ್ತು, ಪೂಜೆ ಚೆನ್ನಾಗೇ ಆಯ್ತು. ಆರತಿ ತಟ್ಟೆ ಹಿಡ್ಕೊಂಡು ನೀವೇ ಮುಂದೆ ಇದ್ರಿ. ಅಪಘಾತ ಆಗಿದ್ದು ಇದನ್ನ ಒರೆಸದೆ ಮಷಿನ್ ಶುರು ಮಾಡಿದ್ದರಿಂದ. ಹಬ್ಬ ಆದ ಮೇಲೆ ಕಣ್ಣು ಒರೆಸೋರು ಯಾರು ಅಂತ ನಾವ್ಯಾರೂ ಹೇಳಿಲ್ಲ. ನೋಡಿದೋರು ಎಲ್ರೂ ಇಲ್ಲೇ ಇದೀವಿ. ನಾನೂ ನೋಡಿದ್ದೆ, ಸುಮ್ಮನಿದ್ದೆ." ಮಾತು ಮ್ಯಾನೇಜರಿಗೆ ಹೇಳಿದರೂ ಕೇಳಿಸಬೇಕಾಗಿದ್ದುದು ಹಿಂದೆ ನಿಂತವರಿಗೆ.

ಮ್ಯಾನೇಜರ್ ಕೆಮ್ಮಿದರು. "ಸರಿ. ಈಗ ಒರೆಸಿ."

ಎಲೆಕ್ಟ್ರಿಷಿಯನ್ ಸೂಪರ್‌ವೈಸರ್ ಮುಖ ನೋಡಿದರು. ಸೂಪರ್‌ವೈಸರ್ ನನ್ನ ಮುಖ ನೋಡಿದರು. "ಮೇಡಂ ಒರೆಸಬಹುದಲ್ಲ ಸರ್? ಅವರಲ್ಲಿ ಇದೆಲ್ಲ ಇಲ್ವಲ್ಲ."

ಇಂಥ ಮಾತು ನನಗೆ ಹೊಸದಲ್ಲ, ಆದರೂ ಪ್ರತಿ ಸಲವೂ ಹೊಸದಾಗಿ ಉರಿಯುತ್ತದೆ. "ಇಲ್ಲ, ನಿಜ," ಎಂದೆ. "ಆದ್ರೆ ನಾನು ಒರೆಸಿ, ನಾಳೆ ಇನ್ನೊಬ್ರು ಜಾರಿ ಬಿದ್ರೆ ಯಾರ ಹೆಸರು ಹೇಳ್ತೀರಿ ಅಂತ ಗೊತ್ತು ನಂಗೆ. ಹಿಸ್ಟರಿ ಓದಿದೀನಲ್ಲ."

ಸೂಪರ್‌ವೈಸರ್ ನೆಲ ನೋಡಿದರು. ಮ್ಯಾನೇಜರ್ ತಮ್ಮ ಕರವಸ್ತ್ರ ತೆಗೆದರು, ಮಡಿಸಿದರು, ಮತ್ತೆ ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಹಿಂದಿನಿಂದ, "ಒಸಿ ಜಾಗ ಬುಡಿ," ಎಂಬ ದನಿ ಕೇಳಿತು.

ಅಕ್ಕ ಮುಂದೆ ಬಂದರು. ಮಷಿನ್ ಮುಟ್ಟಿ ತಮ್ಮ ಎರಡೂ ಕಣ್ಣಿಗೆ ಒತ್ತಿಕೊಂಡರು. ಬೆರಳು ಒದ್ದೆ ಮಾಡಿಕೊಂಡು ಕುಂಕುಮವನ್ನು ನಿಧಾನವಾಗಿ ಬಳಿದು ತೆಗೆದರು. ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿದರು. ಲೈಟು ಆರಿತು. ಬೆರಳಿಗೆ ಬಂದ ಕುಂಕುಮವನ್ನು ಚೆಲ್ಲಲಿಲ್ಲ, ಟೋಪಿ ಹಿಂದಕ್ಕೆ ಸರಿಸಿ ತಮ್ಮ ಹಣೆಗೆ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಬರ್ಕೊಳಿ ಮೇಡಂ. ಇಟ್ಟೋಳೂ ನಾನೇ, ಒರೆಸ್ದೋಳೂ ನಾನೇ."

ಮ್ಯಾನೇಜರ್ ಅವರನ್ನು ನೋಡಿದರು, ಆರಿದ ಲೈಟನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಬರೀತೀರಾ?"

"ಬರೀಲೇಬೇಕು ಸರ್. ಎರಡೂ ನಿಜ."

"ಒರೆಸಿದ್ದು ಮೊದ್ಲು ಬರೀರಿ," ಎಂದು ಹೇಳಿ ಹೊರಟುಹೋದರು.

ಮೊದಲು ನಡೆದದ್ದನ್ನು ಮೊದಲು ಬರೆಯಬೇಕು, ಆಮೇಲೆ ನಡೆದದ್ದನ್ನು ಆಮೇಲೆ. ನಮ್ಮ ವಿದ್ಯೆಯಲ್ಲಿ ಇದನ್ನು ಮೀರಿದರೆ ಉಳಿಯುವುದು ಏನೂ ಇಲ್ಲ. ಆ ಮಧ್ಯಾಹ್ನ ನಾನು ಅದನ್ನು ಮೀರಿದೆ. ವರದಿಯ ಮೊದಲ ಸಾಲಿನಲ್ಲಿ ಅಕ್ಕ ಮಷಿನ್ನಿನ ಕಣ್ಣು ಒರೆಸಿದರು, ಪೂಜೆ ಮಾಡಿದ್ದು ಎಷ್ಟೋ ಕೆಳಗೆ ಬಂತು. ದೀಪಾವಳಿಗೆ ಅವರು ಖಾಯಂ ಆದರು.